ಪಾಠ: ಕುಡಿಯುವ ನೀರಿನ ಸಮಯ ನಿರ್ಣಯದಲ್ಲಿ ಸರಳ ಅಸಮತೆ

‘ಇಷ್ಟಾದರೂ ಬೇಕು’, ‘ಇಷ್ಟನ್ನು ಮೀರಬಾರದು’ ಎಂಬ ಮಾತುಗಳ ಗಣಿತರೂಪವೇ ಅಸಮತೆ.

ಉದಾಹರಣೆ: ಗ್ರಾಮದ ಜನಸಂಖ್ಯೆ 800 ಇರಲಿ. ಜಲ ಜೀವನ್ ಮಿಷನ್ ಮಾನದಂಡದಂತೆ ದಿನಕ್ಕೆ ತಲಾ 55 ಲೀಟರ್. ಒಟ್ಟು 44,000 ಲೀಟರ್. ಕೊಳವೆಬಾವಿಯ ಪಂಪು 200 ಲೀಟರ್ ಡ್ರಮ್ಮನ್ನು 75 ಸೆಕೆಂಡುಗಳಲ್ಲಿ ತುಂಬಿಸಿದರೆ, ನಿಮಿಷಕ್ಕೆ 160 ಲೀಟರ್.

160 × ನಿಮಿಷ ≥ 44,000
ನಿಮಿಷ ≥ 275

ವಿದ್ಯುತ್ 5 ಗಂಟೆ, ಅಂದರೆ 300 ನಿಮಿಷ ದೊರೆಯುವುದಾದರೆ:

300 − ಕಡಿತ ≥ 275
ಕಡಿತ ≤ 25

ಕಡಿತವು 25 ನಿಮಿಷ ಮೀರಿದ ದಿನ ಕೊರತೆ ತಟ್ಟುವುದು ಕೊನೆಯ ಬೀದಿಗೆ. ಬೇಸಿಗೆಯಲ್ಲಿ ಅದೇ ಡ್ರಮ್ ತುಂಬಲು 90 ಸೆಕೆಂಡು ಹಿಡಿದರೆ 330 ನಿಮಿಷ ಬೇಕಾಗುತ್ತದೆ. ಕಡಿತವಿಲ್ಲದ ದಿನವೂ ನೀರು ಸಾಲದು.

ಆದ್ದರಿಂದ ಪ್ರತಿ ತಿಂಗಳು ನೀರುಗಂಟಿಯವರಿಂದ ಈ ಅಳತೆ ಮಾಡಿಸಿ, ಪರ್ಯಾಯ ಮೂಲದ ನಿರ್ಣಯವನ್ನು ಮುಂಚಿತವಾಗಿಯೇ ಕೈಗೊಳ್ಳುವುದು.