ಒಟ್ಟಲು, ನಾಟಿ, ತೆಂಡೆ

ಕಾವೇರಿಯ ನೀರನ್ನು ಚಾಮರಾಜ ಎಡದಂಡೆ ಹಾಗೂ ಬಲದಂಡೆ ನಾಲೆಗಳು ಕೃಷ್ಣರಾಜನಗರದ ಸುತ್ತಣ ಗದ್ದೆಗಳಿಗೆ ಒಯ್ಯುತ್ತವೆ. ಭತ್ತದ ಸಸಿ ಬೆಳೆಸುವ ಮಡಿಯನ್ನು ಈ ಸೀಮೆಯ ರೈತರು ‘ಒಟ್ಟಲು’ ಎನ್ನುತ್ತಾರೆ. ಸಸಿಗಳನ್ನು ಕಿತ್ತು ಕೆಸರುಗದ್ದೆಯಲ್ಲಿ ನೆಡುವುದೇ ‘ನಾಟಿ’. ನೆಟ್ಟ ಸಸಿಯ ಬುಡದಿಂದ ಒಡೆಯುವ ಮರಿಗಳಿಗೆ ‘ತೆಂಡೆ’ ಎಂದು ಹೆಸರು. ತೆಂಡೆಗಳು ತಗ್ಗಿದರೆ ತೆನೆಗಳೂ ತಗ್ಗಿ ಇಳುವರಿ ಕುಗ್ಗುತ್ತದೆ.

ಮಧ್ಯಮಾವಧಿಯ ತಳಿಗಳಲ್ಲಿ ಸಸಿಗೆ ಸುಮಾರು 25 ದಿನಗಳಾದಾಗ ನಾಟಿಗೆ ತಕ್ಕ ಕಾಲ. ನಾಲೆಯ ನೀರು ತಡವಾದರೆ ಸಸಿಯು ಒಟ್ಟಲಿನಲ್ಲಿಯೇ ಬಲಿಯುತ್ತದೆ. ನೆಟ್ಟ ಮೇಲೆ ಅದು ಹೆಚ್ಚು ತೆಂಡೆಯೊಡೆಯಲಾರದು. ಆಗ ಗುಣಿಗೆ ಎರಡು-ಮೂರು ಸಸಿಗಳ ಬದಲು ನಾಲ್ಕೈದನ್ನಿಟ್ಟು, ಸಾಲುಗಳನ್ನು ಒತ್ತಾಗಿ ನೆಡಬೇಕಾಗುತ್ತದೆ. ಆದುದರಿಂದ ನಾಲೆಗೆ ನೀರು ಬಿಡುವ ದಿನವನ್ನರಿತು ಒಟ್ಟಲು ಹಾಕುವುದೇ ಲೇಸು.