ಜೈಲಿನಿಂದ ಬಂದವರ ಮನೆಗೆ ಹೋಗಿ ಬನ್ನಿ

ನಿಮ್ಮ ಬೀದಿಯ ಹುಡುಗನೊಬ್ಬ ಪರಪ್ಪನ ಅಗ್ರಹಾರ ಜೈಲಿನಿಂದಲೋ ಹಿಂಡಲಗಾ ಜೈಲಿನಿಂದಲೋ ಬಿಡುಗಡೆಯಾಗಿ ಬಂದಿದ್ದರೆ, ಮೊದಲ ವಾರದಲ್ಲೇ ಅವನ ಮನೆಗೆ ಹೋಗಿ ಬನ್ನಿ. ‘ಊಟ ಆಯ್ತಾ’ ಅಂತ ಕೇಳಿ. ಏನು ಮಾಡಿದ್ದೆ ಅಂತ ಕೇಳಬೇಡಿ. ಹೇಳಬೇಕೆನಿಸಿದಾಗ ಅವನೇ ಹೇಳುತ್ತಾನೆ. ಜೈಲು ಕಂಡವರೆಲ್ಲ ಅಪರಾಧಿಗಳೂ ಅಲ್ಲ. 2022ರ ಕೊನೆಗೆ ದೇಶದ ಕೈದಿಗಳಲ್ಲಿ ನೂರಕ್ಕೆ ಸುಮಾರು 75 ಮಂದಿ ವಿಚಾರಣೆಯೇ ಮುಗಿಯದವರು.

ಆಮೇಲಿನ ಕಷ್ಟ ಕಾಗದಪತ್ರದ್ದು. ಪಡಿತರ ಚೀಟಿಯಲ್ಲಿ ಹೆಸರಿದೆಯೇ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿದೆಯೇ, ಬ್ಯಾಂಕ್ ಖಾತೆ ಏನಾಗಿದೆ, ನೋಡಿ. ಕಚೇರಿಗೆ ಒಬ್ಬನನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ವರ್ಷಗಟ್ಟಲೆ ಅಪ್ಪಣೆಯಿಲ್ಲದೆ ಬಾಗಿಲು ದಾಟದವನಿಗೆ ಕೌಂಟರಿನ ಮುಂದೆ ಮಾತೇ ಹೊರಡದು. ಮತದ ಹಕ್ಕು ಹೋಯಿತೆಂದು ತಿಳಿದವರೂ ಇದ್ದಾರೆ. ಸಾಮಾನ್ಯವಾಗಿ ಜೈಲಿನಲ್ಲಿರುವಷ್ಟು ಕಾಲ ಮಾತ್ರ ಮತ ಹಾಕುವಂತಿಲ್ಲ. ಮತದಾರರ ಪಟ್ಟಿಯಿಂದ ಹೆಸರು ಬಿಟ್ಟುಹೋಗಿದ್ದರೆ ನಮೂನೆ 6 ತುಂಬಿಸಿ. ಕೇಸು ಇನ್ನೂ ನಡೆಯುತ್ತಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ವಾಯಿದೆಯ ದಿನ ಮಾತ್ರ ತಪ್ಪಿಸಬಾರದು, ವಾರಂಟ್ ಹೊರಡುತ್ತದೆ.

ಒಳಗೆ ಬಡಗಿ ಕೆಲಸ, ನೇಯ್ಗೆ, ಬೇಕರಿ ಕಲಿತವರಿದ್ದಾರೆ. ಅಂಗಡಿ, ಕಾರ್ಖಾನೆ ನಡೆಸುವವರು ಕರೆದು ಮಾತಾಡಿಸಿ. ಕೂಲಿ ಉಳಿದವರಿಗೆ ಕೊಡುವಷ್ಟೇ ಕೊಡಿ. ಅವರ ಅಸಹಾಯಕತೆಯನ್ನು ಚೌಕಾಸಿಗೆ ಬಳಸುವುದು ಅನ್ಯಾಯ.

ಬಂದವಳು ಹೆಣ್ಣುಮಗಳಾದರೆ ಎಷ್ಟೋ ಸಲ ಗಂಡನ ಮನೆಯೂ ತವರೂ ಬಾಗಿಲು ಹಾಕುತ್ತವೆ. ಅವಳಿಗೊಂದು ಬಾಡಿಗೆ ಕೋಣೆ ಹುಡುಕಿಕೊಡಿ. ಅವಳ ಮಕ್ಕಳನ್ನು ಯಾರೂ ಆಡಿಕೊಳ್ಳದಂತೆ ಶಾಲೆಯ ಮೇಷ್ಟ್ರಿಗೂ ಒಂದು ಮಾತು ಹೇಳಿಡಿ.