ಒಬ್ಬರ ಮನೆ, ಒಬ್ಬರ ಅಡಿಗೆ

ಬೆಂಗಳೂರಿನ ವಿಜಯನಗರದಂತಹ ಬಡಾವಣೆಗಳಲ್ಲಿ ಇಂದು ಒಂಟಿಯಾಗಿ ವಾಸಿಸುವವರು ಹಲವರುಂಟು. ಮಕ್ಕಳು ಪರದೇಶಕ್ಕೆ ತೆರಳಿದ ವೃದ್ಧರು, ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ತರುಣರು ಇವರಲ್ಲಿ ಸೇರಿದ್ದಾರೆ. “ಒಬ್ಬರಿಗಾಗಿ ಒಲೆ ಹಚ್ಚುವುದೇಕೆ?” ಎಂಬ ಉದಾಸೀನವು ಇಂತಹವರನ್ನು ಸುಲಭವಾಗಿ ಆವರಿಸುತ್ತದೆ. ತೊಳೆಯದ ಪಾತ್ರೆ, ಗುಡಿಸದ ಮೂಲೆಗಳು ದಿನದಿನಕ್ಕೆ ಬೆಳೆದು ಮನಸ್ಸನ್ನೂ ಮುಸುಕುತ್ತವೆ.

ಶರಣರ ದೃಷ್ಟಿಯಲ್ಲಿ ಇಷ್ಟಲಿಂಗಧಾರಿಯು ಎಂದಿಗೂ ಒಂಟಿಯಲ್ಲ. ಬೇಯಿಸಿದ ಹಿಡಿ ಅನ್ನವು ಮೊದಲು ಲಿಂಗಕ್ಕೆ ಅರ್ಪಿತವಾಗಿ, ಅನಂತರ ಪ್ರಸಾದವಾಗಿ ಅವನಿಗೆ ಲಭಿಸುತ್ತದೆ. ಆದುದರಿಂದ ಅಡಿಗೆಯು ತನ್ನೊಬ್ಬನಿಗಾಗಿ ಎಂಬ ಮಾತು ಸಲ್ಲದು. 12ನೆಯ ಶತಮಾನದ ಸತ್ಯಕ್ಕನು ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡಳಷ್ಟೆ!

ಆದರೆ ಉಳಿದುದೆಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಹಟವೂ ಬೇಡ. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಮಡದಿ ಲಕ್ಕಮ್ಮನು ಹೇಳಿದಳೆಂದು ಪ್ರಸಿದ್ಧಿ. ಅಂದಿಗೆ ಬೇಕಾದಷ್ಟೇ ಸಾಕೆಂಬ ಆ ನಿಯಮವು ಮನೆಗೆಲಸಕ್ಕೂ ಒಪ್ಪುತ್ತದೆ. ಇಂದು ಪಾತ್ರೆ, ನಾಳೆ ಬಟ್ಟೆ.

ಕೆಲಸ ತೀರಿದ ಮೇಲೆ ಬಿಸಿ ಮುದ್ದೆ, ಬಿಸಿಲಿಗೆ ಒಣಗಿದ ಹಚ್ಚಡ, ಅಕ್ಕಿ ತೊಳೆದ ಕಾವೇರಿ ನೀರುಂಡು ಚಿಗುರಿದ ಕುಂಡದ ಗಿಡ, ನೆರೆಯವರೊಡನೆ ಎರಡು ಮಾತು: ಈ ಸಣ್ಣ ಸುಖಗಳೂ ಪ್ರಸಾದವೇ. ಇವನ್ನು ಸಂಕೋಚವಿಲ್ಲದೆ ಸ್ವೀಕರಿಸಬೇಕು.